ಚಿಗವ್ವ ಕೊಂಡ ದನಿಯಿಲ್ಲದ ಪೆಟ್ಟಿಗೆ

ನಮ್ಮ ಚಿಗವ್ವ ಜೀವಮಾನದಲ್ಲಿ ಯಾವ ವಸ್ತುವನ್ನೂ ಕಣ್ಣಿನಿಂದ ನೋಡಿ ಕೊಂಡವಳಲ್ಲ. ಕಿವಿಯಿಂದ ನೋಡಿಯೇ ಕೊಂಡವಳು. ನಂಬುವುದಿಲ್ಲವೇ? ಕಲಘಟಗಿ ಸಂತೆಗೆ ಆಕೆ ಬಂದಳೆಂದರೆ ಪಾತ್ರೆ ಅಂಗಡಿಯವನು ಕೈಯಲ್ಲಿದ್ದ ಚಹಾ ಕೆಳಗಿಟ್ಟು ನೆಟ್ಟಗೆ ಕೂಡುತ್ತಾನೆ. ಬೋಗುಣಿ, ಕೊಡ, ತಂಬಿಗೆ ಎಲ್ಲವನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು, ಕೊನೆಗೆ ಒಂದನ್ನು ಆರಿಸುತ್ತಾಳೆ. ತಳ ದಪ್ಪವಿದೆಯೇ, ಸೋರುತ್ತದೆಯೇ ಎಂಬ ಚಿಂತೆಯೇ ಇಲ್ಲ. ಮನೆಯಲ್ಲಿರುವ ಕೊಡದೊಂದಿಗೆ ಸ್ವರ ಕೂಡಬೇಕು, ಅಷ್ಟೆ. ಹೀಗೆ ತಂದ ಒಂದು ತಂಬಿಗೆ ಮೊದಲ ದಿನದಿಂದಲೂ ಸೋರುತ್ತಿದೆ. ಅದರಲ್ಲೀಗ ಚಮಚ ಇಡುತ್ತಾಳೆ. ಚಮಚ ಹಾಕಿದಾಗಲೆಲ್ಲ ಕೇಳಲು ಚೆಂದವಂತೆ!

ಚಿಗವ್ವನೆಂದರೆ ನನ್ನ ತಾಯಿಯ ತಂಗಿ. ಮಿಶ್ರಿಕೋಟಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದು ನಿವೃತ್ತಳಾದವಳು. ಪುಸ್ತಕದಲ್ಲಿದ್ದ ಹಾಡುಗಳು ಮಕ್ಕಳಿಗೆ ಎರಡೇ ತಿಂಗಳಲ್ಲಿ ಬೇಸರ ತಂದವೆಂದು ತಾನೇ ಹಾಡು ಕಟ್ಟಲು ಶುರು ಮಾಡಿದಳು. ಮೂಗು ಒರೆಸಿಕೊಳ್ಳುವುದಕ್ಕೊಂದು ಹಾಡು, ಉಪ್ಪಿಟ್ಟಿಗೆ ಸಾಲು ಹಚ್ಚುವುದಕ್ಕೊಂದು, ತೂಕ ನೋಡುವ ದಿನ ಅಳಬಾರದೆಂದು ಇನ್ನೊಂದು. ಅವು ಎಷ್ಟಿವೆಯೋ ಆಕೆಗೂ ಗೊತ್ತಿಲ್ಲ, ಒಂದನ್ನೂ ಕಾಗದದ ಮೇಲೆ ಬರೆದಿಟ್ಟವಳಲ್ಲ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಮೊದಲ ಬಸ್ಸಿಗೇ ಕಲಘಟಗಿಯ ನಮ್ಮ ಮನೆಗೆ ಬಂದಳು. ಚಹಾ ಬೇಡವೆಂದಳು. ಅಲ್ಲಿಗೆ ವಿಷಯ ಗಂಭೀರವಾದದ್ದೇ ಎಂದು ತಿಳಿಯಿತು. ಹಿಂದಿನ ದಿನ ಬಾಜು ಮನೆಯ ಕೂಸಿಗೆ ಹಾಡುತ್ತಿದ್ದಾಗ ನಡುವಿನ ಸಾಲೊಂದು ಬಾಯಿಗೆ ಬರಲೇ ಇಲ್ಲವಂತೆ. ಕೂಸು ಮಲಗಿ ಎದ್ದರೂ ಸಾಲು ಬರಲಿಲ್ಲವಂತೆ.

"ಹಾಡು ಹೋಗಾಕ ಹತ್ಯಾವ ತಂಗಿ," ಎಂದಳು. "ಪೂರಾ ಹೋಗೂದರಾಗ ಹಿಡದಿಡಬೇಕು."

ಆಕೆಯ ದನಿಯಲ್ಲಿ ಅಂಥ ಹೆದರಿಕೆಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಕೂಡಲೇ ಆಕೆಯ ಮೊಬೈಲಿಗೆ ಪುಕ್ಕಟೆ ಸಿಗುವ ಸಂಗೀತದ ಆಪ್ ಒಂದನ್ನು ಹಾಕಿಕೊಟ್ಟೆ. ಪರದೆಯ ಮೇಲೆ ಹಾರ್ಮೋನಿಯಂನಲ್ಲಿರುವಂಥ ಪುಟ್ಟ ಪುಟ್ಟ ಕಪ್ಪು ಬಿಳಿ ಮನೆಗಳು ಮೂಡಿದವು. ಆದರೆ ಚಿಗವ್ವನ ಬೆರಳು ರೊಟ್ಟಿ ಬಡಿದು ಬಡಿದು ಅಗಲವಾದವು. 'ಸಾ' ಒತ್ತಿದರೆ ಜೊತೆಗೆ 'ರಿ' ಕೂಡ ತಾನೂ ಬರುತ್ತೇನೆಂದು ಓಡಿ ಬರುತ್ತಿತ್ತು. ಒಂದು ವಾರ ಮೊಬೈಲಿನೊಂದಿಗೆ ಗುದ್ದಾಡಿ, ಯಾರ್ಯಾರದೋ ವಿಡಿಯೋಗಳನ್ನೆಲ್ಲ ನೋಡಿ, ಮನೆಯಲ್ಲೇ ಹಾಡು ತಯಾರು ಮಾಡಬೇಕೆಂದರೆ ಕೀಬೋರ್ಡ್ ಬೇಕೇ ಬೇಕು ಎಂದು ತೀರ್ಮಾನಿಸಿದಳು.

ದುಡ್ಡು? ಫ್ರಿಜ್ ಕೊಳ್ಳಲೆಂದು ಕೂಡಿಸಿಟ್ಟದ್ದಿತ್ತು. ಅದರ ಮೇಲೆ ಒಂದು ರೂಪಾಯಿ ಇಲ್ಲ ಎಂದು ಕಾಕಾ, ಅಂದರೆ ಆಕೆಯ ಯಜಮಾನರು, ಮೊದಲೇ ಹೇಳಿಬಿಟ್ಟರು. ಫ್ರಿಜ್ ಹೋದದ್ದಕ್ಕೆ ಚಿಗವ್ವನಿಗೇನೂ ಬೇಸರವಿರಲಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಮುಂದೆ ನಿಂತು ಆಕೆ ಯಾವಾಗಲೋ ಪರೀಕ್ಷೆ ಮುಗಿಸಿದ್ದಳು. ಅದು ಹಗಲೂ ರಾತ್ರಿ ಬೇಸುರಾಗಿ ಗುಂಯ್ ಎನ್ನುತ್ತದಂತೆ.

ಮುಂದಿನ ಭಾನುವಾರ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ವಾದ್ಯಗಳ ಅಂಗಡಿಯಾತ ಸಮಾಧಾನಿ ಮನುಷ್ಯ. ನಲವತ್ತೊಂಬತ್ತು ಮನೆಯದು ಬೇಕೋ, ಅರವತ್ತೊಂದರದೋ ಎಂದು ವಿನಯದಿಂದ ಕೇಳಿದ. ಚಿಗವ್ವ ಸೊಂಟದ ಚೀಲದಿಂದ ಒಂದು ದಾರದುಂಡೆ ತೆಗೆದಳು. ಕೀಬೋರ್ಡ್ ಇಡಬೇಕೆಂದಿದ್ದ, ಮನೆಯ ಕಿಟಕಿಯ ಹತ್ತಿರದ ಹೊಲಿಗೆ ಮಷಿನ್ನಿನ ಹಲಗೆಯನ್ನು ಅಳೆದು, ತುದಿಗೆ ಗಂಟು ಹಾಕಿ ತಂದಿದ್ದಳು. ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಇಷ್ಟುದ್ದಂದು ಕೊಡ್ರಿ," ಎಂದಳು. ಮಲ್ಲಿಗೆ ಹೂವಿನಂತೆ ಕೀಬೋರ್ಡನ್ನೂ ಮೊಳದ ಲೆಕ್ಕದಲ್ಲಿ ಕೇಳುವ ಗಿರಾಕಿಯನ್ನು ಆತ ಅಂದೇ ಮೊದಲು ನೋಡಿರಬೇಕು!

ಮೊದಲು ತೋರಿಸಿದ್ದು ದೊಡ್ಡದು. ಗುಂಡಿ ಒತ್ತಿದರೆ ತಬಲಾ, ಡ್ರಮ್ಮು, ಪಿಟೀಲು ಎಲ್ಲವೂ ತಾವೇ ಶುರುವಾಗುತ್ತಿದ್ದವು. ಎಲ್ಲವನ್ನೂ ಇದೇ ಬಾರಿಸಿದರೆ ತಾನು ಚಹಾ ಕುಡಿಯುತ್ತ ಕೂಡಬೇಕೇ ಎಂದು ಕೇಳಿದಳು. ಹೇಗೂ ಅದು ದಾರಕ್ಕಿಂತ ಎರಡು ಗೇಣು ಉದ್ದವಿತ್ತು, ಫ್ರಿಜ್ಜಿಗಿಂತ ತುಟ್ಟಿಯೂ ಇತ್ತು.

ಎರಡನೆಯದು ಸಣ್ಣದು, ಅಗ್ಗದ್ದು. ಚಿಗವ್ವ ಒಂದು ಮನೆಯನ್ನು ಮೆಲ್ಲಗೆ ಒತ್ತಿದಳು. ಆಮೇಲೆ ಜೋರಾಗಿ ಒತ್ತಿದಳು. ಮತ್ತೆ ಮೆಲ್ಲಗೆ, ಮತ್ತೆ ಜೋರಾಗಿ. ಎಲ್ಲದಕ್ಕೂ ಅದು ಒಂದೇ ಸಮನೆ 'ಪೀ' ಎಂದಿತು.

"ಮೆಲ್ಲಕ ಹೇಳಿದರೂ ಅಷ್ಟ, ಒದರಿದರೂ ಅಷ್ಟ. ಇಂಥಾದ್ದು ಮನ್ಯಾಗ ಒಂದ ಐತ್ರಿ," ಎಂದು ಅದನ್ನು ಬದಿಗೆ ಸರಿಸಿದಳು. ಕಾಕಾ ಆ ಹೊತ್ತಿಗೆ ಗದ್ದೆಯಲ್ಲಿ ಬಿಕ್ಕಳಿಸಿರಬಹುದು.

ಮೂರನೆಯದು ಬಂತು. ಅಳತೆಗೆ ಸರಿಯಾಗಿತ್ತು, ಬೆಲೆಯೂ ಒಗ್ಗುವಂತಿತ್ತು. ಒತ್ತಿದರೆ ದನಿಯೇ ಇಲ್ಲ! ಕೆಟ್ಟಿದೆಯೇನು ಎಂದು ಕೇಳಿದಳು. ಕೆಟ್ಟಿಲ್ಲ, ಇದಕ್ಕೆ ಸ್ವಂತ ದನಿ ಇರುವುದಿಲ್ಲ, ಕಂಪ್ಯೂಟರಿಗೆ ಹಚ್ಚಿದರೆ ಅದರೊಳಗಿನ ದನಿಯನ್ನು ಇದರಿಂದ ನುಡಿಸಬಹುದು ಎಂದು ಅಂಗಡಿಯಾತ ತಿಳಿಸಿ ಹೇಳಿದ. ದನಿಯಿಲ್ಲದ ಪೆಟ್ಟಿಗೆಗೂ ರೊಕ್ಕ ಕೊಡಬೇಕೇ ಎಂಬಂತೆ ಚಿಗವ್ವ ನನ್ನ ಮುಖ ನೋಡಿದಳು. ಆತ ಮಾತು ಬೆಳೆಸದೆ ತನ್ನ ಲ್ಯಾಪ್‌ಟಾಪಿಗೆ ವಾಯರ್ ಹಚ್ಚಿಕೊಟ್ಟ. ಅದೇ ಮನೆಯಿಂದ ಕೊಳಲು ಬಂತು, ಆಮೇಲೆ ವೀಣೆ, ಆಮೇಲೆ ಹಾರ್ಮೋನಿಯಂ. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ ನುಡಿಯಿತು, ಒತ್ತಿದರೆ ಗಟ್ಟಿಯಾಗಿ ನುಡಿಯಿತು. ಚಿಗವ್ವ ಕಣ್ಣು ಮುಚ್ಚಿ ಒಂದೇ ಸ್ವರವನ್ನು ಅದೆಷ್ಟು ಸಲ ನುಡಿಸಿದಳೋ. ನನ್ನ ಹಳೆಯ ಲ್ಯಾಪ್‌ಟಾಪನ್ನು ಆಕೆಗೇ ಕೊಡುತ್ತೇನೆಂದು ನಾನು ಅಲ್ಲಿಯೇ ಒಪ್ಪಿಕೊಂಡುಬಿಟ್ಟೆ.

ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಅಂಥದ್ದೇ ಮೂರು ಪೆಟ್ಟಿಗೆಗಳನ್ನು ತೆರೆಸಿದಳು. ಮೂರಕ್ಕೂ ದನಿ ಇಲ್ಲ, ಇನ್ನು ಹೇಗೆ ಆರಿಸುತ್ತಾಳೋ ಎಂದು ನಾನೂ ಕುತೂಹಲದಿಂದ ನೋಡಿದೆ. ಒಂದೊಂದನ್ನೇ ಬೋರಲು ಹಾಕಿ ಬೆನ್ನು ಬಡಿದು, ಎರಡನೆಯದನ್ನು ಎತ್ತಿಕೊಂಡಳು.

ಮನೆಗೆ ಬಂದ ಮೇಲೆ ಒಂದು ತಿಂಗಳು ಅಭ್ಯಾಸ ನಡೆಯಿತು. ಕರೆಂಟು ಹೋಗಿ ಲ್ಯಾಪ್‌ಟಾಪ್ ಮಲಗಿದರೂ ಚಿಗವ್ವ ಬಿಡುತ್ತಿರಲಿಲ್ಲ. ದನಿಯಿಲ್ಲದ ಮನೆಗಳ ಮೇಲೆ ಟಕ ಟಕ ಬೆರಳಾಡಿಸುತ್ತಿದ್ದಳು. ಅದನ್ನು ನೋಡಿದ ಕಾಕಾ, "ಈಗ ಅಗದಿ ಚಲೋ ಬಾರಸಾಕ ಹತ್ತಿ ನೋಡು," ಎಂದು ಮನಸಾರೆ ಹೊಗಳಿದರು.

ಹಿಡಿದಿಡಲು ಮೊದಲು ಆರಿಸಿದ್ದು ಆಡಿನ ಹಾಡು. ಒಮ್ಮೆ ಅಂಗನವಾಡಿಗೆ ನುಗ್ಗಿದ ಆಡೊಂದು ಹಾಜರಿ ಪುಸ್ತಕವನ್ನು ಅರ್ಧ ತಿಂದಿತ್ತಂತೆ. ಮೇಲಿನವರು ಬಂದು ಕೇಳಿದಾಗ ಮಕ್ಕಳಿಂದ ಹಾಡಿನಲ್ಲೇ ಉತ್ತರ ಕೊಡಿಸಿದ್ದಳು: 'ಆಡು ಬಂತು ಆಡು, ಹಾಜರಿ ಪುಸ್ತಕ ತಿಂದ ಆಡು.' ಕೀಬೋರ್ಡ್ ನುಡಿಸಿ ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟದ್ದಾಯಿತು. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮೊಬೈಲಿನ ಮುಂದೆ ಹಾಡತೊಡಗಿದಳು. ಮೊದಲ ನುಡಿ ಮುಗಿಯಿತು. ಚಿಗವ್ವ ಬಾಯಿ ತೆರೆದವಳು ಹಾಗೆಯೇ ಕುಳಿತಳು. ತಿಂದ ಮೇಲೆ ಆಡು ಏನು ಮಾಡಿತು? ಬಾಜು ಮನೆಯಲ್ಲಿ ಕೈಕೊಟ್ಟ ಸಾಲು ಅದೇ ಆಗಿತ್ತು.

"ದ್ಯಾಮವ್ವಗ ಗೊತ್ತಿರತೈತಿ," ಎಂದಳು.

ದ್ಯಾಮವ್ವ ಅದೇ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಒಲೆ ಹೊತ್ತಿಸುವುದು, ಕಸ ಹೊಡೆಯುವುದು, ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಬರುವುದು ಆಕೆಯ ಕೆಲಸ. ಈಗ ಬಮ್ಮಿಗಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಳು. ಮರುದಿನವೇ ಚಿಗವ್ವ ಹೋಗಿ ಕರೆದುಕೊಂಡು ಬಂದಳು.

ದ್ಯಾಮವ್ವ ಕೀಬೋರ್ಡಿನಿಂದ ದೂರ, ಹೊಸ್ತಿಲ ಹತ್ತಿರ ಕುಳಿತಳು. ಹಾಡು ಬರುತ್ತದೆಯೇ ಎಂದರೆ, ತನಗೆಲ್ಲಿಯ ಹಾಡು, ತಾನು ಉಪ್ಪಿಟ್ಟು ತಿರುವುತ್ತಿದ್ದವಳು ಎಂದು ನಕ್ಕಳು. ಚಿಗವ್ವ ಒತ್ತಾಯ ಮಾಡಲಿಲ್ಲ. ಸುಮ್ಮನೆ ಮೊದಲ ನುಡಿ ನುಡಿಸಿ ಕೈ ತೆಗೆದಳು. ಹೊಸ್ತಿಲ ಕಡೆಯಿಂದ ಸಣ್ಣಗೆ ಕೇಳಿಸಿತು: 'ಎಲ್ಲಾರ ಹೆಸರು ಹೊಟ್ಯಾಗಿಟ್ಟು, ಒಬ್ಬೊಬ್ಬರನ ಕರಿಯೋ ಆಡು.' ಚಿಗವ್ವ ಎದ್ದು ಹೋಗಿ ಆಕೆಯ ಕೈ ಹಿಡಿದು, ಮೊಬೈಲಿನ ಮುಂದೆ ತಂದು ಕೂಡಿಸಿದಳು.

ರೆಕಾರ್ಡಾದದ್ದನ್ನು ಕೇಳಿದೆವು. ದ್ಯಾಮವ್ವನ ದನಿ ಚೆನ್ನಾಗಿತ್ತು, ಆದರೆ ಪ್ರತಿ ಸಾಲಿನಲ್ಲೂ ಕೀಬೋರ್ಡಿಗಿಂತ ತುಸು ತಡವಾಗಿ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಅದನ್ನು ಒಂದಿಷ್ಟು ಮುಂದೆ ಸರಿಸಿದರೆ ತಾಳಕ್ಕೆ ಸರಿಯಾಗುತ್ತದೆ ಎಂದು ನಾನು ಜಾಣತನ ತೋರಿಸಿ ಕೈ ಹಾಕಿದೆ.

"ಆಕಿದಕ್ಕ ಕೈ ಹಚ್ಚಬ್ಯಾಡ," ಎಂದಳು ಚಿಗವ್ವ. "ಒಲಿ ಮುಂದಿಂದ ಎದ್ದು ಬಂದು ದನಿಗೂಡಸ್ತಿದ್ಲು, ತಡಾ ಆಗೂದ. ನಂದ ಅಳಿಸು."

ಒಂದು ತಿಂಗಳ ಅಭ್ಯಾಸದಿಂದ ತಪ್ಪಿಲ್ಲದೆ ಕೂಡಿಸಿದ್ದ ತನ್ನ ಕೀಬೋರ್ಡಿನ ಪಾಲನ್ನು ಪೂರ್ತಿ ಅಳಿಸಿಸಿದಳು. ಹೆಡ್‌ಫೋನನ್ನು ಯಾರ ಕಿವಿಗೂ ಹಾಕದೆ ನಡುವೆ ಇಟ್ಟು, ರೆಕಾರ್ಡಾದ ದ್ಯಾಮವ್ವನ ದನಿಯನ್ನು ಏರಿಸಿ, ಇಬ್ಬರೂ ತಲೆಗೆ ತಲೆ ಹಚ್ಚಿ ಬಾಗಿದರು. ಚಿಗವ್ವ ಮತ್ತೆ ಮೊದಲಿನಿಂದ ನುಡಿಸತೊಡಗಿದಳು. ಈ ಸಲ ಪ್ರತಿ ಸಾಲಿನ ಕೊನೆಗೆ ಆಕೆಯ ಬೆರಳು ಮನೆಯ ಮೇಲೆ ನಿಲ್ಲುತ್ತಿತ್ತು. ದ್ಯಾಮವ್ವನ ದನಿ ಬಂದು ಸೇರಿದ ಮೇಲೆಯೇ ಮುಂದಕ್ಕೆ ಹೋಗುತ್ತಿತ್ತು.