ಸೀಮೆಸುಣ್ಣದ ಮನೆಗಳು

ಬಾಯಿ ಬಿಡದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ, ನನ್ನ ಮಾನ ಕಳೆಯುವುದು ಅವರ ಕೆಲಸ. ಸವಣೂರಿನ ಈ ನರ್ಸರಿಗೆ ಬಂದು ಎಂಟು ತಿಂಗಳಾಯಿತು, ಎರಡೂ ಕಡೆಯವರು ಒಂದು ದಿನವೂ ಕೆಲಸ ತಪ್ಪಿಸಿಲ್ಲ. ಶಾಲೆ ಬಿಟ್ಟ ಮೇಲೆ ಮಾತ್ರ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಬಾಡಿಗೆ ಕೋಣೆಯಲ್ಲಿ ಕುಕ್ಕರ್ ಸಿಳ್ಳೆ ಹಾಕಿದರೆ "ಬಂದೆ ಬಂದೆ" ಅನ್ನುವ ಮಟ್ಟಕ್ಕೆ ಬಂದಿದ್ದೇನೆ.

ಮನೆಯಾಟ

ಅಂಜುವ ಮಕ್ಕಳಿಗಾಗಿ ಒಂದು ಆಟ ಕಟ್ಟಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೌಕದ ಮನೆ. ಒಬ್ಬರು ಇನ್ನೊಬ್ಬರ ಮನೆಗೆ ಹೋಗಬೇಕು, ಆ ಮನೆಯವರು "ಬರ್ರಿ, ಕುಂದರ್ರಿ, ಚಾ ಕುಡೀರಿ" ಅನ್ನಬೇಕು. ಎಲ್ಲರೂ ಓಡಾಡಿದರು. ಅಂಗಡಿಗಳಿಗೆ ಕುರುಕಲು ಖಾರ ಕರಿದು ಕೊಡುವವರ ಮಗಳು ಮಾತ್ರ ತನ್ನ ಚೌಕದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಯಾಕವ್ವ, ನಿಮ್ಮನಿಗೆ ಯಾರೂ ಬರಬಾರ್ದೇನು?"

ಗೋಡೆಯ ಕಡೆಗೇ ಪಿಸುಗುಟ್ಟಿದಳು. "ನೀವು ಬಾಗಲಾನ ಬರ್ದಿಲ್ರಿ."

ಉಂಡು ಹೋಗ್ರಿ

ಬಾಗಿಲು ಬರೆದುಕೊಟ್ಟೆ. ದಿನಾ ಅವಳ ಪಕ್ಕ ಕೂತು ಕಿವಿಯಲ್ಲಿ ಹೇಳಿಕೊಡುತ್ತಿದ್ದೆ, "ಹೆದರಬ್ಯಾಡ, ನಾ ಅದೇನಿ. 'ಬರ್ರಿ' ಅನ್ನು."

ಮೂರನೇ ವಾರ 'ಬರ್ರಿ' ಅಂದಳು. ಅಂದವಳು ನಿಲ್ಲಿಸಲೇ ಇಲ್ಲ. ಶಾಲೆ ಬಿಟ್ಟರೂ ಬಂದ ಗೆಳತಿಯನ್ನು ಚೌಕದಿಂದ ಹೊರಗೆ ಬಿಡಲೊಲ್ಲಳು. "ಉಂಡು ಹೋಗ್ರಿ, ಈಗರ ಬಂದೀರಿ" ಅಂತ ಅಂಗಿ ಹಿಡಿದೇ ನಿಂತಳು. ಹೊರಗೆ ಬೈಕ್ ಮೇಲೆ ಕಾಯುತ್ತಿದ್ದ ಗೆಳತಿಯ ಅಪ್ಪ ಕೊನೆಗೆ ಒಳಗೆ ಬಂದು ಕೈಮುಗಿದರು.

"ಅಕ್ಕೋರ, ಈಕಿ ಮೊದಲಿದ್ದಂಗ ಛಲೋ ಇದ್ಲಲ್ರಿ!"

ನನ್ನ ಬಾಗಿಲು

ಕಳೆದ ಭಾನುವಾರ ಯಾರೋ ನನ್ನ ಕೋಣೆಯ ಬಾಗಿಲು ಬಡಿದರು. ಸಿಲಿಂಡರಿನವನನ್ನು ಬಿಟ್ಟರೆ ಎಂಟು ತಿಂಗಳಲ್ಲಿ ಅದನ್ನು ಬಡಿದವರಿಲ್ಲ. ತೆರೆದರೆ ಅದೇ ಹುಡುಗಿ, ಜೊತೆಗೆ ಅವಳ ಅವ್ವ, ಕೈಯಲ್ಲಿ ಬಿಸಿ ಖಾರದ ಪೊಟ್ಟಣ.

 ಇರುವುದು ಒಂದೇ ಕುರ್ಚಿ, ಅದರ ತುಂಬ ಬಟ್ಟೆ. ಇರುವುದು ಒಂದೇ ಲೋಟ. ಯಾರಾದರೂ ಬರಲಿ ಅಂತ ಎಷ್ಟು ಸಂಜೆ ಕಾದಿದ್ದೆನೋ, ಬಂದಾಗ ಒಂದು ಮಾತೂ ಹೊರಡಲಿಲ್ಲ. ಬಾಗಿಲಿಗೆ ಅಂಟಿಕೊಂಡು ನಿಂತೆ. ಹುಡುಗಿಯ ಅವ್ವ ಹೊಸ್ತಿಲಾಚೆ ನಿಂತೇ ಇದ್ದರು.

ಹುಡುಗಿ ನುಸುಳಿ ಒಳಗೆ ಬಂದು ನನ್ನ ಸೆರಗು ಜಗ್ಗಿದಳು. ಬಗ್ಗಿದೆ. ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

"ಹೆದರಬ್ಯಾಡ್ರಿ ಅಕ್ಕೋರ, ನಾ ಅದೇನಿ. 'ಬರ್ರಿ' ಅನ್ರಿ."