ಸುಂಕಪ್ಪನ ರಾಜವಂಶ

ಹೆಳವರ ಜುಂಜಣ್ಣ ಪಡಸಾಲೆಯಲ್ಲಿ ಕೂತು ಹಳೆಯ ಪುಸ್ತಕ ಬಿಚ್ಚಿ ಓದಿದ ಒಂದು ಸಾಲು ಸುಂಕಪ್ಪನ ತಲೆ ಕೆಡಿಸಿತು. "ಒನಕೆ ಬೆಡಗಿನ ತಿಪ್ಪಯ್ಯ, ನೇಮಕಲ್ಲಿನಾಗ ಗೌಡರ ಆಡು ಕದ್ದು, ಊರು ಬಿಟ್ಟು ರಾಯದುರ್ಗ ಸೇರಿದ."

ಮನೆಮನೆಯ ಪೀಳಿಗೆ ಬರೆದಿಟ್ಟು ಓದುವುದು ಹೆಳವರ ತಲೆತಲಾಂತರದ ಕಸುಬು. ಅವತ್ತು ಮಧ್ಯಾಹ್ನ ಮಡಕಶಿರದ ಕಡೆಯ ಕದರಪ್ಪ, ಮಗಳು ಗಂಗೋತ್ರಿಯ ಮದುವೆ ಮಾತಿಗೆ ಬರುವವನಿದ್ದ. ಒಂದೇ ಬೆಡಗಿನವರು, ಅಂದರೆ ಒಂದೇ ಕುಲಮೂಲದವರು, ಅಣ್ಣತಂಗಿಯರಿದ್ದಂತೆ; ಅವರಲ್ಲಿ ಮದುವೆ ಕೂಡದು. ಅದಕ್ಕೇ ಎರಡೂ ಕಡೆಯವರು ವಂಶಾವಳಿಯನ್ನು ಬರಹದಲ್ಲಿ ತೋರಿಸಬೇಕೆಂದು ಮಾತಾಗಿತ್ತು. ಜೀನ್ಸ್ ಹೊಲಿಯುತ್ತಲೇ ಮೂವತ್ತೆಂಟು ದಾಟಿದ ಸುಂಕಪ್ಪನಿಗೆ ಈ ಹೆಣ್ಣು ತಪ್ಪಿದರೆ ಇನ್ನೊಂದಿಲ್ಲ.

ಆಡೊಂದನ್ನು ಅಳಿಸಿಬಿಡಿ ಎಂದು ಬೇಡಿಕೊಂಡ.

"ಆಡು ಅಳಿಸಿದ್ರ, ನಿಮ್ಮ ಮುತ್ತಾತ ಈ ಊರಿಗೆ ಯಾಕ ಬಂದ ಅಂತ ಬರೀಲ್ರಿ?" ಎಂದ ಜುಂಜಣ್ಣ.

ಪಕ್ಕದ ಮನೆಯ ಚೌಡಕ್ಕ ಗೋಡೆಯಾಚೆಯಿಂದ, "ಕದ್ದೋನು ಅವ, ನಾಚಿಗಿ ನಿನಗ್ಯಾಕೋ?" ಎಂದಳು. ಅಷ್ಟಕ್ಕೇ ಬಿಡಲಿಲ್ಲ, ಬೀದಿಗೆಲ್ಲ ಹಂಚಿದಳು. ಹೊತ್ತೇರುವಷ್ಟರಲ್ಲಿ ಗಾರ್ಮೆಂಟಿನ ಮಿಷನ್ನುಗಳ ಸದ್ದಿನ ನಡುವೆಯೂ "ಮ್ಯಾ" ಕೇಳತೊಡಗಿತು.

ಸುಂಕಪ್ಪ ಬಸ್‌ ಸ್ಟ್ಯಾಂಡಿನ ಹತ್ತಿರದ 'ಕುಟುಂಬ ಚರಿತ್ರೆ ಕೇಂದ್ರ'ಕ್ಕೆ ಓಡಿದ. ಮೊನ್ನೆಮೊನ್ನೆಯವರೆಗೆ ಅಲ್ಲಿ ಗೋವರ್ಧನ್ ಎಂಬವನು ಪ್ಯಾಂಟಿನ ಲೇಬಲ್ ಅಚ್ಚು ಹಾಕುತ್ತಿದ್ದ. ಈಗ ಅಜ್ಜಂದಿರನ್ನು ಅಚ್ಚು ಹಾಕುತ್ತಿದ್ದ. ಅವನು ಕೇಳಿದ್ದು ಎರಡೇ ಮಾತು: ಹೆಸರೇನು, ಅಂಚಿಗೆ ಬಂಗಾರದ ಬಣ್ಣ ಬೇಕೋ ಬೇಡವೋ. ಹತ್ತು ನಿಮಿಷಕ್ಕೆ ಸುಂಕಪ್ಪ ಹೇಮಾವತಿಯ ನೊಳಂಬ ಅರಸನ ನೇರ ವಂಶಸ್ಥನಾದ. ಇಪ್ಪತ್ತೆರಡು ತಲೆಮಾರು, ಒಬ್ಬನೂ ಮೈ ಬಗ್ಗಿಸಿ ದುಡಿದವನಲ್ಲ.

"ಇದು ಖರೇ ಏನ್ರಿ?"

"ಸೀಲ್ ಐತಲ್ರಿ," ಎಂದ ಗೋವರ್ಧನ್.

ಮಧ್ಯಾಹ್ನ ಕದರಪ್ಪ ಹಿರಿಯರೊಡನೆ ಬಂದು ಕೂತ. ಜುಂಜಣ್ಣ ಪುಸ್ತಕಕ್ಕೆ ಕೈ ಹಾಕುವ ಮೊದಲೇ ಸುಂಕಪ್ಪ, ಈ ಹೆಳವರು ಬರೆಯುವುದೆಲ್ಲ ಬರೀ ಸುಳ್ಳು ಎಂದು ಹತ್ತು ಜನರೆದುರು ಸಾರಿ, ಬಂಗಾರದಂಚಿನ ಹಾಳೆಯನ್ನು ಹಾಸಿದ.

ಕದರಪ್ಪ ಮೇಲಿಂದ ಕೆಳಗೆ ಓದಿದ. ಮುಖ ಬಾಡಿದ ಸೊಪ್ಪಿನಂತಾಯಿತು. ತನ್ನ ಚೀಲದಿಂದ ಒಂದು ಹಾಳೆ ತೆಗೆದು ಪಕ್ಕಕ್ಕಿಟ್ಟ. ಅದೇ ಅಂಚು, ಅದೇ ಸೀಲು, ಅದೇ ಅರಸ. ಇಪ್ಪತ್ತು ತಲೆಮಾರಿನವರೆಗೆ ಅದೇ ಅಜ್ಜಂದಿರು.

"ನಾವೂ ಅಲ್ಲೇ ಮಾಡ್ಸಿದ್ದು ಕಣಪ್ಪಾ," ಎಂದ ಮೆಲ್ಲಗೆ.

ಸುಂಕಪ್ಪ ತನ್ನ ಹಾಳೆಯನ್ನು ಹಿಂದಕ್ಕೆಳೆದುಕೊಂಡ. "ಇದು ಸುಳ್ರಿ. ನಾವು ಅರಸರಲ್ರಿ, ಆಡು ಕದ್ದೋರು. ಜುಂಜಣ್ಣ, ಓದ್ರಿ ನಿಮ್ಮ ಪುಸ್ತಕ."

"ಸುಳ್ಳು ಪುಸ್ತಕ ಏನ್ ಓದ್ಲಿ ಬಿಡ್ರಿ," ಎಂದು ಜುಂಜಣ್ಣ ಗಂಟು ಕಟ್ಟಿದ.

ಹೆಳವರ ಪುಸ್ತಕ ಒಪ್ಪಿದರೆ ತನ್ನ ಅರಸುತನವೂ ಹೋಗುತ್ತದೆಂದು ಕದರಪ್ಪನಿಗೆ ಗೊತ್ತಿತ್ತು. ಅವನು ಎದ್ದು ಸುಂಕಪ್ಪನ ತಲೆ ಸವರಿದ.

"ಬೇಜಾರ್ ಮಾಡ್ಕಬ್ಯಾಡ ಮಗ. ಗಂಗೋತ್ರಿಗೆ ಅಣ್ಣತಮ್ಮ ಯಾರೂ ಇಲ್ಲ. ನಾಳೆ ಎಲ್ಲಾದ್ರೂ ಅವಳ ಮದ್ವೆ ಕುದುರಿದ್ರೆ, ಅಣ್ಣ ಕೊಡೋ ಸೀರೆ ನಿಂದೇ."