ಪ್ಲಗ್ಗಪ್ಪ ಎದ್ದರೆ ಏರುವ ಗೆರೆ

ಬೆಳಿಗ್ಗೆ ಹತ್ತೂಕಾಲಕ್ಕೆ ಯಜಮಾನರ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಚಕ್ರ ತಿರುಗಲು ಶುರುವಾಯಿತು. ಹನ್ನೊಂದಾದರೂ ತಿರುಗುತ್ತಲೇ ಇತ್ತು. ಮೂರು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ಆಸ್ಪತ್ರೆ ಕಟ್ಟಡದ ನಕ್ಷೆ ಇಂಟರ್ನೆಟ್ಟಿನಲ್ಲಿ ಹೊರಟು ಆ ಚಕ್ರದಲ್ಲಿ ಸಿಕ್ಕಿಕೊಂಡು, ಶೇಕಡಾ ನಾಲ್ಕರಲ್ಲಿ ನಿಂತುಬಿಟ್ಟಿತ್ತು. ಸಂಜೆ ಐದರೊಳಗೆ ಅದು ಕಟ್ಟಿಸುವವರಿಗೆ ಮುಟ್ಟದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

"ಪ್ಲಗ್ಗಪ್ಪನ್ನ ಕರೀರಿ!" ಎಂದು ಯಜಮಾನರು ಕೂಗಿದರು.

ಪ್ಲಗ್ಗಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ಆಫೀಸಿನಲ್ಲಿ ಅವನ ಕೆಲಸ ಕಟ್ಟಡಗಳ ನಕ್ಷೆ ಬರೆಯುವುದು. ಎರಡು ವರ್ಷದ ಹಿಂದೆ ಕೈಕೊಟ್ಟಿದ್ದ ಪ್ರಿಂಟರನ್ನು ರಿಪೇರಿಯವನು ಬರುವ ಮೊದಲೇ ಅವನು ಸರಿಮಾಡಿದ್ದ. ಮಾಡಿದ್ದು ಇಷ್ಟೇ, ಸಡಿಲವಾಗಿದ್ದ ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿದ್ದ. ಅಂದಿನಿಂದ ಆಫೀಸಿನಲ್ಲಿ ವೈರು ಇರುವ ವಸ್ತು ಯಾವುದು ಮುನಿಸಿಕೊಂಡರೂ ಅದರ ಜವಾಬ್ದಾರಿ ಅವನ ತಲೆಗೆ. ಪ್ಲಗ್ಗು ಕೀಳುವುದು, ಮತ್ತೆ ಹಾಕುವುದು ಎಂಬ ಎರಡು ವಿದ್ಯೆ ಬಿಟ್ಟರೆ ಮೂರನೆಯದು ತನಗೆ ಬರುವುದಿಲ್ಲ ಎಂದು ಅವನು ಹೇಳಿಯೂ ನೋಡಿದ್ದ. ಅದನ್ನು ಎಲ್ಲರೂ ವಿನಯ ಎಂದುಕೊಂಡರು.

ಅವತ್ತು ಅವನಿಗೂ ಯಜಮಾನರ ಹತ್ತಿರ ಕೆಲಸವಿತ್ತು. ಜೇಬಿನಲ್ಲಿ ರಜೆ ಚೀಟಿ ಇತ್ತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಹೆಂಡತಿಗೆ ಸಮುದ್ರ ತೋರಿಸಿರಲಿಲ್ಲ. ಮೂರು ಸಲ ರಜೆ ಕೇಳಿದ್ದ, ಮೂರು ಸಲವೂ ಏನೋ ಅರ್ಜೆಂಟು ಬಂದು ಅಡ್ಡ ಮಲಗಿತ್ತು. ಈ ಸಲ ಮನೆಯಲ್ಲೇ ಹೊಲಿಗೆ ಮಾಡುವ ಅವನ ಹೆಂಡತಿ ಬಂದ ಬಟ್ಟೆಗಳನ್ನೆಲ್ಲ ಮುಗಿಸಿ, ಎರಡು ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ನಾಳೆ ಬೆಳಿಗ್ಗೆ ಆರಕ್ಕೆ ಬಸ್ಸು.

"ಸಾರ್, ನಾಲ್ಕು ದಿನ..." ಎಂದು ಚೀಟಿ ಚಾಚಿದ.

"ನಾಲ್ಕೇ ಪರ್ಸೆಂಟು ಕಣ್ರೀ ಹೋಗಿರೋದು! ಇದನ್ನ ಐದರೊಳಗೆ ಕಳಿಸಿಕೊಡಿ, ಚೀಟಿಗೆ ಕಣ್ಣುಮುಚ್ಚಿ ಸಹಿ ಹಾಕ್ತೀನಿ. ಇಲ್ದಿದ್ರೆ ಸಮುದ್ರ ಅಲ್ಲ, ಬಾವಿಗೂ ಕಳಿಸಲ್ಲ."

ಇಂಟರ್ನೆಟ್ ಕಂಪನಿಗೆ ಫೋನು ಹೋಯಿತು. ಅಲ್ಲಿದ್ದವನು ಬಹಳ ಮರ್ಯಾದಸ್ಥ.

"ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್. ನಿಮ್ಮ ಆಫೀಸಿಂದಾನೇ ಏನೋ ಹೊರಗೆ ಹೋಗ್ತಾ ಇದೆ. ರಾಶಿ ರಾಶಿ ಹೋಗ್ತಾ ಇದೆ. ಅದರ ನಡುವೆ ನಿಮ್ಮ ನಕ್ಷೆಗೆ ಜಾಗ ಸಿಗ್ತಿಲ್ಲ."

"ಏನು ಹೋಗ್ತಿದೆ?"

"ಅದು ನಮಗೆ ಕಾಣಲ್ಲ ಸಾರ್. ಹೋಗ್ತಿದೆ ಅನ್ನೋದಷ್ಟೇ ಕಾಣುತ್ತೆ."

ಹೋಗುವ ಲೆಕ್ಕವನ್ನು ಆಫೀಸಿನಲ್ಲೇ ಹೇಗೆ ನೋಡುವುದು ಎಂಬುದನ್ನೂ ಅವನು ಹೇಳಿಕೊಟ್ಟ. ಅವನು ಹೇಳಿದ ಅಂಕಿಗಳನ್ನು ಒತ್ತಿದಾಗ ಪ್ಲಗ್ಗಪ್ಪನ ಕಂಪ್ಯೂಟರಿನಲ್ಲಿ ಒಂದು ಹಸಿರು ಗೆರೆ ಮೂಡಿ, ಏರುತ್ತ ಇಳಿಯುತ್ತ ಹರಿಯತೊಡಗಿತು. ಪ್ಲಗ್ಗಪ್ಪನಿಗೆ ರಜೆಯ ಚಿಂತೆ ಒಂದು ಗಳಿಗೆ ಮರೆತೇಹೋಯಿತು. ಇಷ್ಟು ದಿನ ತಾನು ಕೂತಿರುವ ಕೋಣೆಯಿಂದ ಸದ್ದಿಲ್ಲದೆ ಏನೋ ಹೊರಗೆ ಹೋಗುತ್ತಿದೆ! ಏನದು? ಯಾರಿಗೆ?

ಯಜಮಾನರಿಗೆ ಆಗಲೇ ಉತ್ತರ ಸಿಕ್ಕಿತ್ತು. "ನಮ್ಮ ನಕ್ಷೆಗಳನ್ನ ಯಾರೋ ಎದುರು ಪಾರ್ಟಿಗೆ ಸಾಗಿಸ್ತಿದಾರೆ" ಎಂದು ಮೆಲ್ಲಗೆ ಹೇಳಿದರು. ಅವರ ಮೆಲುದನಿ ಮೆಟ್ಟಿಲ ಕೆಳಗಿನ ತನಕ ಕೇಳಿಸುತ್ತದೆ.

"ನಾನಂತೂ ಅಲ್ಲಪ್ಪ" ಎಂದರು ಫೋನ್ ಮೇಡಂ. ಬಾಗಿಲಲ್ಲಿ ಕೂತು ಬಂದ ಫೋನು ಎತ್ತುವ ಕೆಲಸ ಅವರದು.

"ಕೇಳೋ ಮೊದಲೇ ಯಾಕೆ ಹೇಳ್ತೀರ?" ಎಂದರು ಸರ್ವೇಯರ್. ಮೂವತ್ತು ವರ್ಷ ಸೈಟು ಅಳೆದವರು ಅವರು. ಅಳತೆಗೆ ಸಿಗದ ವಸ್ತು ಲೋಕದಲ್ಲಿಲ್ಲ ಎಂದು ನಂಬಿದ್ದರು.

ಪ್ಲಗ್ಗಪ್ಪ ತನಗೆ ಗೊತ್ತಿದ್ದ ವಿದ್ಯೆಯಿಂದಲೇ ಶುರುಮಾಡಿದ. ಮೇಜುಗಳ ಕೆಳಗೆ ಅಂಬೆಗಾಲಿಟ್ಟು, ತನ್ನದನ್ನೂ ಯಜಮಾನರದನ್ನೂ ಬಿಟ್ಟು ಒಂದೊಂದೇ ಕಂಪ್ಯೂಟರಿನ ವೈರು ಕಿತ್ತ. ಗೆರೆ ಇಳಿಯಲಿಲ್ಲ. ಪ್ರಿಂಟರಿನದು ಕಿತ್ತ. ಇಳಿಯಲಿಲ್ಲ. ಕಪಾಟಿನ ಮೇಲಿದ್ದ ಹಳೆಯ ಡಬ್ಬವೊಂದರ ವೈರು ಕೀಳಲು ಮೇಜಿನ ಮೇಲೆ ಹತ್ತಿದ. ಗೆರೆ ಇಳಿಯುವುದಿರಲಿ, ಸರ್ರನೆ ಏರಿತು. ಗಾಬರಿಯಲ್ಲಿ ಕಾಲು ಜಾರಿ, ಸುರುಳಿ ಸುತ್ತಿಟ್ಟಿದ್ದ ನಕ್ಷೆಗಳ ಮೇಲೆ ಬಿದ್ದ. ಗೆರೆ ಇನ್ನೂ ಮೇಲಕ್ಕೆ ಹೋಯಿತು.

ಆಮೇಲೆ ಎಲ್ಲರ ಮೊಬೈಲುಗಳನ್ನು ಆರಿಸಿ ಕಸದ ಬುಟ್ಟಿಯೊಂದರಲ್ಲಿ ತುಂಬಿದ್ದಾಯಿತು. "ಇದೊಂದು ಮಾತ್ರ ಬಿಡ್ರೀ, ತಂಗಿ ಫೋನ್ ಮಾಡ್ತಾಳೆ" ಎಂದು ಮೇಡಂ ಗೋಗರೆದರು. ಯಜಮಾನರು ತಮ್ಮದನ್ನೂ ಹಾಕಿ ಆದರ್ಶ ಮೆರೆದರು. ಇಷ್ಟಾದರೂ ಗೆರೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಸರ್ವೇಯರ್ ಮಾತ್ರ ಯಾವುದಕ್ಕೂ ಕೈಹಾಕದೆ, ಗ್ರಾಫ್ ಹಾಳೆ ಹಾಸಿಕೊಂಡು ಕೆಂಪು ಪೆನ್ಸಿಲಿನಲ್ಲಿ ಏನೋ ಗುರುತು ಮಾಡುತ್ತಿದ್ದರು. ಊಟ ಮುಗಿದ ಮೇಲೆ ಹಾಳೆಯನ್ನು ಯಜಮಾನರ ಮುಂದೆ ಬಿಡಿಸಿಟ್ಟರು.

"ನೋಡಿ ಸಾರ್. ಹನ್ನೊಂದೂಹತ್ತು, ಪ್ಲಗ್ಗಪ್ಪ ಎದ್ದ, ಗೆರೆ ಏರಿತು. ಹನ್ನೊಂದೂಮುಕ್ಕಾಲು, ಕೂತ, ಇಳೀತು. ಹನ್ನೆರಡೂಹತ್ತು, ಮೇಜಿಂದ ಬಿದ್ದ. ಇಲ್ಲಿ ನೋಡಿ, ಹಾಳೇಲಿ ಜಾಗ ಸಾಲದೆ ಇನ್ನೊಂದು ಅಂಟಿಸಿದೀನಿ."

ಎಲ್ಲರೂ ಪ್ಲಗ್ಗಪ್ಪನ ಕಡೆ ತಿರುಗಿದರು.

"ಅಂದ್ರೆ ಕಳ್ಳ ನಾನೇನಾ?" ಎಂದ ಪ್ಲಗ್ಗಪ್ಪ.

"ಕಳ್ಳ ಅಂತ ಯಾರು ಅಂದ್ರು? ಅಳತೆ ಹೇಳ್ತಿದೆ ಅಷ್ಟೇ. ಎಲ್ಲಿ, ಒಂದ್ಸಲ ಕೂತ್ಕೊಳಿ."

ಪ್ಲಗ್ಗಪ್ಪ ಕೂತ. ಗೆರೆ ಮೆಲ್ಲಗೆ ಇಳಿಯಿತು.

"ಏಳಿ."

ಎದ್ದ. ಎಲ್ಲರೂ ಪರದೆಗೆ ಕಣ್ಣು ನೆಟ್ಟರು. ಗೆರೆ ಏರಿತು.

"ಕೂತ್ಕೊಳಿ. ಏಳಿ. ಒಂದು ಕಾಲ ಮೇಲೆ ನಿಂತ್ಕೊಳಿ." ಸರ್ವೇಯರಿಗೆ ಇಷ್ಟು ಖುಷಿಯ ದಿನ ಕೆಲಸಕ್ಕೆ ಸೇರಿದಂದಿನಿಂದ ಬಂದಿರಲಿಲ್ಲ. "ಮೈಮೇಲೆ ಏನೋ ಇದೆ ಸಾರ್. ವಾಚು ಬಿಚ್ಚಿಸಿ."

ವಾಚು ಬಿಚ್ಚಿದ. ಗೆರೆ ಏರಿತು. ಬೂಟು ಬಿಚ್ಚಿದ. ಇನ್ನೂ ಏರಿತು. ಮೇಡಂ ಗೋಡೆ ಕಡೆ ತಿರುಗಿಕೊಂಡರು. ಬೆಲ್ಟು ಬಿಚ್ಚಿ, ಜಾರುತ್ತಿದ್ದ ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದು ನಿಂತಾಗ ಗೆರೆ ಪರದೆಯ ನೆತ್ತಿಗೆ ಹೋಗಿ ಬಡಿಯಿತು.

"ಇನ್ನು ಬಿಚ್ಚಲ್ಲ ಸಾರ್" ಎಂದ ಪ್ಲಗ್ಗಪ್ಪ. ಎಂಟು ವರ್ಷ ತಲೆ ಬಗ್ಗಿಸಿ ದುಡಿದ ಜಾಗದಲ್ಲಿ ಬರಿಗಾಲಲ್ಲಿ ನಿಂತು ಕಳ್ಳನೆನಿಸಿಕೊಂಡದ್ದು ಅವನಿಗೆ ನಿಜವಾಗಿಯೂ ನೋವು ತಂದಿತು. ಯಾರ ಮುಖವನ್ನೂ ನೋಡಲಾರದೆ ದೊಡ್ಡ ಕಪಾಟಿನ ಹಿಂದೆ ಹೋಗಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಬೆಲ್ಟು ಹಾಕಿಕೊಳ್ಳತೊಡಗಿದ.

"ಇಳೀತಿದೆ!" ಎಂದರು ಸರ್ವೇಯರ್.

ಪ್ಲಗ್ಗಪ್ಪ ಎದ್ದು ನಿಂತ. "ಈಗ?"

"ಇಳೀತಾನೇ ಇದೆ. ಎದ್ದಿರಾ?"

"ಎದ್ದಿದೀನಿ."

ಎದ್ದರೂ ಗೆರೆ ಇಳಿಯುತ್ತಿದೆ! ಪ್ಲಗ್ಗಪ್ಪನ ನೋವೆಲ್ಲ ಎಲ್ಲಿ ಹೋಯಿತೋ, ತಲೆ ಚುರುಕಾಯಿತು. ಕಪಾಟಿನ ಮರೆಯಿಂದ ಒಂದು ಕೈಯನ್ನಷ್ಟೇ ಚಾಚಿ ಆಡಿಸಿದ. ಅರ್ಧ ನಿಮಿಷದ ಮೇಲೆ, "ಏರ್ತಿದೆ ಕಣ್ರೀ!" ಎಂಬ ಕೂಗು ಬಂತು. ಕೈ ಒಳಗೆಳೆದುಕೊಂಡ. ಸ್ವಲ್ಪ ಹೊತ್ತಿಗೆ ಇಳಿಯಿತು. ಯಂತ್ರಕ್ಕಾದರೆ ಏರಲು ಅರ್ಧ ನಿಮಿಷ ಯಾಕೆ ಬೇಕು? ಅಷ್ಟು ಹೊತ್ತು ಬೇಕಾಗುವುದು ಮನುಷ್ಯರಿಗೆ. ಕರೆಯಲು, ಬರಲು, ಕೂರಲು.

"ಸಾರ್, ನನ್ನ ಮೈಮೇಲೆ ಏನೂ ಇಲ್ಲ. ನನ್ನನ್ನ ಯಾರೋ ನೋಡ್ತಿದಾರೆ" ಎಂದ.

ಹೊರಗೆ ಬಂದು, ಕಪಾಟು ಯಾವ ಕಡೆಯಿಂದ ತನ್ನನ್ನು ಮರೆಮಾಡಿತ್ತು ಎಂದು ಅಂದಾಜು ಮಾಡಿದ. ನಕ್ಷೆ ಬರೆಯುವವನಿಗೆ ಅದೇನು ದೊಡ್ಡ ಕೆಲಸವಲ್ಲ. ಬೆರಳು ನೇರವಾಗಿ ಎದುರು ಗೋಡೆಯ ಮೂಲೆಯ ಮೇಲ್ತುದಿಗೆ ಹೋಯಿತು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಬಿಳಿ ಗುಂಡು ಇತ್ತು. ಎಲ್ಲರೂ ಅದನ್ನು ಹೊಗೆ ಬಂದರೆ ಕೂಗುವ ಯಂತ್ರ ಎಂದುಕೊಂಡಿದ್ದರು.

"ಅಯ್ಯೋ, ಅದನ್ನ ಮುಟ್ಟಬೇಡ್ರೀ!" ಎಂದು ಯಜಮಾನರು ಅರಚಿದರು. ಎಲ್ಲರೂ ಅವರತ್ತ ತಿರುಗಿದರು. ಅವರು ಕತ್ತು ಕೆರೆದುಕೊಂಡರು.

"ಅದು ಕ್ಯಾಮೆರಾ. ನಾನೇ ಹಾಕಿಸಿದ್ದು. ನಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡು ಮಲಗಿದ್ರಲ್ಲ, ಮಗ ಏನು ಮಾಡ್ತಿದಾನೆ ಅಂತ ನೋಡ್ಬೇಕು ಅಂತಿದ್ರು. ಅವರ ಟಿವಿಗೆ ಬರೋ ಹಾಗೆ ಮಾಡಿಸಿದೆ. ಆದ್ರೆ ಅದು ನೋಡೋ ಯಂತ್ರ ತಾನೇ? ಸುಮ್ಮನೆ ನೋಡುತ್ತೆ. ಕಳಿಸೋ ಮಾತು ಎಲ್ಲಿಂದ ಬಂತು?"

"ಅದು ಕಳಿಸದೆ ಅಲ್ಲಿ ಹೇಗೆ ಸಾರ್ ಕಾಣ್ಬೇಕು?" ಎಂದ ಪ್ಲಗ್ಗಪ್ಪ.

ಯಜಮಾನರು ಇದನ್ನು ಎಂದೂ ಯೋಚಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮ ಮೇಜು ಬಿಟ್ಟು ನನ್ನ ಕಡೆ ಯಾಕೆ ತಿರುಗಿದೆ?"

"ಒಂದು ವಾರ ನನ್ನನ್ನ ನೋಡಿದ್ರು. ಆಮೇಲೆ, ನೀನು ಬರೀ ಕೂತೇ ಇರ್ತೀಯ ಕಣೋ, ಬೇಜಾರು, ಆ ಕಡೆ ತಿರುಗಿಸು ಅಂದ್ರು."

ಪ್ಲಗ್ಗಪ್ಪ ಮೇಜು ಹತ್ತಿ, ಬಿಳಿ ಗುಂಡಿನ ಪ್ಲಗ್ಗು ಹಿಡಿದು ಎಳೆದ. ಗೆರೆ ಧೊಪ್ಪನೆ ನೆಲಕ್ಕೆ ಬಿದ್ದು ಅಲ್ಲೇ ಮಲಗಿತು. ಯಜಮಾನರ ಕಂಪ್ಯೂಟರಿನಲ್ಲಿ ನಾಲ್ಕು ಇದ್ದದ್ದು ಮೂವತ್ತಾಯಿತು, ಎಪ್ಪತ್ತಾಯಿತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಆಸ್ಪತ್ರೆ ಪೂರ್ತಿ ಹೊರಟುಹೋಯಿತು. ಮೇಡಂ ಚಪ್ಪಾಳೆ ತಟ್ಟಿದರು. ಸರ್ವೇಯರ್ ಗ್ರಾಫ್ ಹಾಳೆಯನ್ನು ಮಡಿಸಿ ಮೆಲ್ಲಗೆ ಡ್ರಾಯರಿಗೆ ತಳ್ಳಿದರು. ಯಜಮಾನರು ರಜೆ ಚೀಟಿಗೆ ಸಹಿ ಹಾಕಿ, ಕೆಳಗೆ ಎರಡು ಗೆರೆಯನ್ನೂ ಎಳೆದುಕೊಟ್ಟರು.

ಆಗ ಆಫೀಸಿನ ಫೋನು ಬಡಿದುಕೊಂಡಿತು. ಮೇಡಂ ಎತ್ತಿ, "ಸಾರ್, ನಿಮ್ಮ ತಾಯಿಯವರು. ನಿಮಗಲ್ಲ, ಪ್ಲಗ್ಗಪ್ಪನವರಿಗೆ ಕೊಡ್ಬೇಕಂತೆ" ಎಂದರು.

"ಏನಪ್ಪಾ, ಕತ್ತಲೆ ಮಾಡಿಬಿಟ್ಯಲ್ಲ!" ವಯಸ್ಸಾದ ದನಿ, ಆದರೆ ಗಟ್ಟಿ. "ಇಲ್ಲಿ ಇಡೀ ಬೀದಿ ಕಾಯ್ತಾ ಕೂತಿದೀವಿ. ಬೆಲ್ಟು ಬಿಚ್ಚಿದ್ಯಲ್ಲ, ಆಮೇಲೆ ಕಪಾಟಿನ ಹಿಂದೆ ಏನಾಯ್ತು? ಮಾತು ಬೇರೆ ಕೇಳಿಸಲ್ಲ ನೋಡು."

"ಇಡೀ ಬೀದೀನಾ ಅಮ್ಮ?"

"ಮತ್ತೆ? ಮೊದಲು ಎಲ್ರೂ ನಮ್ಮನೆಗೇ ಬರ್ತಿದ್ರು. ಕುರ್ಚಿ ಸಾಲಲ್ಲ ಅಂತ ಅವರವರ ಮನೆ ಟಿವಿಲೇ ಹಾಕ್ಕೊಟ್ಟಿದೀವಿ. ಹದಿನಾಲ್ಕು ಮನೆ. ನೀನು ಎದ್ದ ಕೂಡಲೇ ನಾನು ಫೋನ್ ಮಾಡ್ತೀನಿ, ಎಲ್ರೂ ಹಾಕ್ಕೋತಾರೆ. ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಆಗಿರ್ಲಿಲ್ಲಪ್ಪ. ನಾಳೆ ಏನು?"

ಹದಿನಾಲ್ಕು ಟಿವಿಗೂ ಬೇರೆ ಬೇರೆ ಕಳಿಸಬೇಕಾಗಿಯೇ ಗೆರೆ ಏರುತ್ತಿತ್ತು ಎಂದು ಪ್ಲಗ್ಗಪ್ಪನಿಗೆ ಆಗ ಹೊಳೆಯಿತು. ಅವನಿಗೆ ಹಿರಿಯರ ಹತ್ತಿರ ಸುಳ್ಳು ಹೇಳಿ ರೂಢಿಯಿಲ್ಲ. ಸಂತೋಷ ಬೇರೆ ಉಕ್ಕುತ್ತಿತ್ತು. "ನಾಳೆಯಿಂದ ನಾಲ್ಕು ದಿನ ನಾನಿರಲ್ಲ ಅಮ್ಮ. ರಜೆ ಸಿಕ್ತು" ಎಂದುಬಿಟ್ಟ.

"ನನ್ನ ಮಗನಿಗೆ ಕೊಡು" ಎಂದಿತು ದನಿ.

ಯಜಮಾನರು ಫೋನು ತೆಗೆದುಕೊಂಡು, "ಹೂಂ ಅಮ್ಮ... ಅಲ್ಲಮ್ಮ... ಹೂಂ" ಎಂದರು. ಅಷ್ಟು ಸಣ್ಣ ದನಿ ಅವರಲ್ಲಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಫೋನು ಇಟ್ಟು ಪ್ಲಗ್ಗಪ್ಪನ ಮುಂದೆ ಕೈ ಚಾಚಿದರು. ಅವನು ಚೀಟಿಯನ್ನು ಬಿಗಿಯಾಗಿ ಹಿಡಿದ.

"ಸಾರ್, ಇದು ಅನ್ಯಾಯ."

"ಅನ್ಯಾಯಾನೇ ಕಣ್ರೀ, ಇಲ್ಲ ಅನ್ನಲ್ಲ. ಬಿದ್ದ ಮೇಲೆ ಅಮ್ಮ ಹಾಸಿಗೆ ಬಿಟ್ಟು ಏಳ್ತಾನೇ ಇರ್ಲಿಲ್ಲ. ಊಟ ಮುಟ್ತಿರ್ಲಿಲ್ಲ. ಈಗ ನೀವು ಬರೋ ಹೊತ್ತಿಗೆ ಅವರೇ ಎದ್ದು, ತಲೆ ಬಾಚ್ಕೊಂಡು, ತಟ್ಟೆ ಹಿಡ್ಕೊಂಡು ಕೂತ್ಕೋತಾರೆ. ನೀವು ಹೋದ್ರೆ ನಾಲ್ಕು ದಿನ ಊಟ ಮಾಡಲ್ವಂತೆ. ನಾನೇನು ಮಾಡ್ಲಿ ಹೇಳಿ."

ಪ್ಲಗ್ಗಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ತಟ್ಟೆ ಹಿಡಿದು ಕೂತ ಮುದುಕಿ ಕಣ್ಣಮುಂದೆ ಬಂದು ಕೈ ಸಡಿಲವಾಯಿತು. ಚೀಟಿ ಯಜಮಾನರ ಕೈ ಸೇರಿತು. ಮಧ್ಯಾಹ್ನವೆಲ್ಲ ಹುಡುಕಿ ಕಿತ್ತ ಪ್ಲಗ್ಗನ್ನು ಮತ್ತೆ ಹಾಕಲು ಅವನೇ ಮೇಜು ಹತ್ತಿದ. ಹೆಬ್ಬೆರಳಿನಿಂದ ಒತ್ತಿದ. ಗುಂಡಿನಲ್ಲಿ ಸಣ್ಣ ದೀಪ ಮಿಣುಕಿತು.

ಕೆಳಗಿದ್ದ ಮೇಡಂ, "ನಿಮ್ಮ ಮನೆಯವರಿಗೆ ಹೇಳಿಬಿಡಿ, ಪಾಪ" ಎಂದು ಅವನ ಮೊಬೈಲನ್ನು ಬುಟ್ಟಿಯಿಂದ ತೆಗೆದುಕೊಟ್ಟರು. ಆನ್ ಮಾಡುವುದೇ ತಡ, ಹೆಂಡತಿಯ ಫೋನೇ ಬಂತು. ಹನ್ನೊಂದು ವರ್ಷದ ಸಮುದ್ರ ಮತ್ತೆ ಹಿಂದೆ ಸರಿದ ಸುದ್ದಿಯನ್ನು ಹೇಗೆ ಹೇಳುವುದೆಂದು ತಿಳಿಯದೆ ಅವನು ತೊದಲಿದ.

"ನೋಡು ಕಣೇ... ಏನಾಯ್ತು ಅಂದ್ರೆ..."

"ಗೊತ್ತಾಯ್ತು ರೀ, ರಜೆ ಇಲ್ಲ ತಾನೆ? ಚೀಲ ಬಿಚ್ಚಿಡೋಕೆ ಮನೇಲಿರೋ ನಮ್ಮಕ್ಕನಿಗೆ ಹೇಳಿದೀನಿ."

"ನಿನಗೆ ಯಾರು ಹೇಳಿದ್ರು?"

"ನಿಮ್ಮ ಯಜಮಾನರ ಅಮ್ಮನೇ. ಅವರ ಮನೇಲೇ ಕೂತಿದೀನಿ. ಹೋದ ತಿಂಗಳು ಬಟ್ಟೆ ಅಳತೆಗೆ ಅಂತ ಬಂದೆ, ನೋಡಿದ್ರೆ ಟಿವಿಲಿ ನೀವು! ಆವತ್ತಿಂದ ದಿನಾ ಮಧ್ಯಾಹ್ನ ಬರ್ತೀನಿ."

"ಒಂದು ತಿಂಗಳಿಂದ! ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸಹಜವಾಗಿ ಇರ್ತಿದ್ರಾ?"

ಪ್ಲಗ್ಗಪ್ಪ ಬಿಳಿ ಗುಂಡಿನ ಕಡೆ ನೋಡಿದ. ಹೆಂಡತಿಯ ಹಿಂದೆ ನಾಲ್ಕಾರು ಹೆಂಗಸರು ಒಟ್ಟಿಗೆ "ಬಂತು, ಬಂತು!" ಎಂದು ಕೂಗಿದ್ದು ಕೇಳಿಸಿತು.

"ಅಂದ್ರೆ ಸಮುದ್ರ?"

"ಸಮುದ್ರ ಎಲ್ಲಿಗೆ ಓಡಿಹೋಗುತ್ತೆ ಬಿಡಿ. ರೀ, ಹೇಗೂ ಮೇಜು ಹತ್ತಿದೀರಲ್ಲ, ಅದನ್ನ ಸ್ವಲ್ಪ ಎಡಕ್ಕೆ ತಿರುಗಿಸಿ. ಕಿಟಕಿ ಬೆಳಕು ಹೊಡೆದು ನಿಮ್ಮ ಮುಖಾನೇ ಸರಿಯಾಗಿ ಕಾಣಲ್ಲ."

ಪ್ಲಗ್ಗಪ್ಪ ತಿರುಗಿಸಿದ.